ಪೇಟಿ ಮೇಷ್ಟ್ರ ಜೊತೆ ನಾಲ್ಕು ತಾಲ್ಲೂಕು

ಪ್ರತಿ ವರ್ಷ ಜಾತ್ರೆ ಟೈಮಿಗೆ ಊರಿಂದ ದೊಡ್ಡಪ್ಪನ ಫೋನು ಬರುತ್ತೆ. ‘ನಾಟಕ ಇಟ್ಕಂಡೀವಿ, ಬಾರಪ್ಪ.’ ನಾನು ‘ಈ ಸಲ ರಿಲೀಸ್ ಇದೆ ದೊಡ್ಡಪ್ಪ’ ಅಂತೀನಿ. ಆಮೇಲೆ ಮನಸ್ಸಿಗೆ ಏನೋ ಚುಚ್ಚಿದಂತಾಗಿ ಎರಡು ಸಾವಿರ ರೂಪಾಯಿ ಯುಪಿಐ ಮಾಡ್ತೀನಿ. ನಾಟಕದ ಹ್ಯಾಂಡ್‌ಬಿಲ್ಲಿನ ಕೊನೆಯಲ್ಲಿ ‘ಸಹಾಯ ನೀಡಿದವರು’ ಅನ್ನೋ ಪಟ್ಟಿಯಲ್ಲಿ ನನ್ನ ಹೆಸರು, ಪಕ್ಕದಲ್ಲಿ ‘ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು’ ಅಂತ ಅಚ್ಚಾಗುತ್ತೆ. ಏಳು ವರ್ಷ ಹೀಗೇ ನಡೀತು.

ಈ ಸಲ ದೊಡ್ಡಪ್ಪ ಬೇರೆ ಮಾತಾಡಿದರು. ‘ದುಡ್ಡು ಬೇಡ ಕಣಪ್ಪ. ಮೂರ್ನಾಕು ದಿನ ಕಾರು ತಗಂಡು ಬಾ. ನನ್ನ ಹಳೇ ಜೊತೆಗಾರರನ್ನೆಲ್ಲ ಹೋಗಿ ಕರೀಬೇಕು. ಇದೇ ನಂದು ಕೊನೇ ನಾಟಕ ಇರಬಹುದು.’

ನಮ್ಮ ದೊಡ್ಡಪ್ಪ ಪೇಟಿ ಮೇಷ್ಟ್ರು. ಅಂದ್ರೆ ಹಳ್ಳಿ ನಾಟಕಕ್ಕೆ ಹಾರ್ಮೋನಿಯಂ ನುಡಿಸೋರು, ಹಾಡು ಕಲಿಸೋರು, ಮಾತು ತಿದ್ದೋರು, ಕುಡಿದು ತಾಲೀಮಿಗೆ ಬಂದ ಹೀರೋನ ವಾಪಸ್ ಮನೆಗೆ ಕಳಿಸೋರು. ನಮ್ಮ ಭಾಷೇಲಿ ಹೇಳೋದಾದ್ರೆ ಡೈರೆಕ್ಟರ್, ಟೆಸ್ಟರ್, ಮ್ಯಾನೇಜರ್ ಮೂರೂ ಅವರೇ. ನಲವತ್ತು ವರ್ಷ ಈ ಕೆಲಸ ಮಾಡಿದ್ದಾರೆ. ಎರಡು ವರ್ಷದಿಂದ ಬಲಗೈ ಬೆರಳು ನಡುಗ್ತಾ ಇದೆ.

ಫೆಬ್ರವರಿ ಕೊನೆ ವಾರ ರಜಾ ಹಾಕಿ ಹೊರಟೆ.

ಚನ್ನಗಿರಿ: ಅಡಿಕೆ ತೋಟ, ರಾತ್ರಿ ತಾಲೀಮು

ಚಿತ್ರದುರ್ಗದಲ್ಲಿ ಹೈವೇ ಬಿಟ್ಟು ಹೊಳಲ್ಕೆರೆ ಮೇಲೆ ಚನ್ನಗಿರಿಗೆ ಬಂದರೆ, ಒಣ ನೆಲ ನೋಡ್ತಾ ಬಂದ ಕಣ್ಣಿಗೆ ಅಡಿಕೆ ತೋಟಗಳು ತಂಪು ಕೊಡ್ತವೆ. ಕೆಳದಿ ಚೆನ್ನಮ್ಮನ ಹೆಸರು ಹೊತ್ತ ಊರು ಇದು. ಹತ್ತಿರದಲ್ಲೇ ಶಾಂತಿಸಾಗರ ಇದೆ, ಜನ ಕರೆಯೋದು ಸೂಳೆಕೆರೆ ಅಂತಲೇ. ಏರಿ ಮೇಲೆ ನಿಂತರೆ ಆ ಕಡೆ ದಡ ಕಾಣೋಕೆ ಕಣ್ಣು ಕಿರಿದು ಮಾಡಬೇಕು. ಸಂತೇಬೆನ್ನೂರಿನ ಪುಷ್ಕರಣಿಯೂ ಇದೇ ತಾಲ್ಲೂಕಿನದು. ಪ್ರವಾಸಿಗರು ಇವೆರಡನ್ನು ನೋಡಿಕೊಂಡು ಹೋಗ್ತಾರೆ. ರಾತ್ರಿ ಉಳಿದರೆ ಮಾತ್ರ ಮೂರನೆಯದು ಸಿಗುತ್ತೆ.

ಒಂಬತ್ತು ಗಂಟೆಗೆ, ಊಟ ಮುಗಿಸಿ, ಸಮುದಾಯ ಭವನದಲ್ಲಿ ತಾಲೀಮು ಶುರು. ಟ್ರ್ಯಾಕ್ಟರ್ ಓಡಿಸೋ ಹುಡುಗ ನಾಯಕ. ಅಡಿಕೆ ಕೇಣಿದಾರ ಸಾಹುಕಾರನ ಪಾರ್ಟು, ಅದಕ್ಕೆ ಅಭಿನಯ ಬೇಕಿಲ್ಲ ಅಂತ ಎಲ್ಲರೂ ರೇಗಿಸ್ತಾರೆ. ಸಲೂನಿನವರು ಹಾಸ್ಯ. ಇಲ್ಲಿ ಪಾರ್ಟು ಮಾಡೋರಿಗೆ ಸಂಬಳ ಇಲ್ಲ, ಅವರೇ ದುಡ್ಡು ಕಟ್ಟಬೇಕು. ಹೀರೋಗೆ ಜಾಸ್ತಿ, ಜವಾನನಿಗೆ ಕಮ್ಮಿ. ಆ ದುಡ್ಡಲ್ಲಿ ಸೀನರಿ, ಡ್ರೆಸ್ಸು, ಮೈಕು, ಶಾಮಿಯಾನ ಬರಬೇಕು. ಎಲ್ಲಕ್ಕಿಂತ ದೊಡ್ಡ ಖರ್ಚು ಹೊರಗಿಂದ ಕರೆಸೋ ನಟಿಯರದ್ದು.

ಈ ಸಲದ ನಾಟಕ ‘ಸಂಪತ್ತಿಗೆ ಸವಾಲ್’. ಪಿ.ಬಿ. ಧುತ್ತರಗಿಯವರು ಬರೆದ ಈ ನಾಟಕವೇ 1974ರಲ್ಲಿ ಡಾ. ರಾಜ್‌ಕುಮಾರ್ ಸಿನಿಮಾ ಆಗಿದ್ದು. ಸಿನಿಮಾ ಎಲ್ಲರಿಗೂ ಗೊತ್ತು. ಅದು ಹಳ್ಳಿ ಸ್ಟೇಜುಗಳ ಮೇಲೆ ಇವತ್ತಿಗೂ ಬದುಕಿದೆ ಅನ್ನೋದು ನನಗೇ ಗೊತ್ತಿರಲಿಲ್ಲ.

ಇನ್ನೊಂದು ವಿಷಯವೂ ಗೊತ್ತಿರಲಿಲ್ಲ. ತಾಲೀಮಿನಲ್ಲಿ ಪೇಟಿ ಮುಂದೆ ಕೂತಿದ್ದು ದೊಡ್ಡಪ್ಪ ಅಲ್ಲ, ಅವರ ಮಗಳು. ನನಗೆ ತಂಗಿಯಾಗಬೇಕು. ಬಿ.ಎಡ್ ಮಾಡಿ ಸ್ಕೂಲಲ್ಲಿ ಪಾಠ ಹೇಳ್ತಾಳೆ, ಗುಡಿಯ ಭಜನೆಗೆ ಹಾರ್ಮೋನಿಯಂ ನುಡಿಸ್ತಾಳೆ. ದೊಡ್ಡಪ್ಪ ಪಕ್ಕದಲ್ಲಿ ಕೂತು ತೊಡೆ ತಟ್ಟಿ ತಾಳ ಹೇಳ್ತಿದ್ದರು.

‘ನಾಟಕದ ದಿನವೂ ನೀನೇ ನುಡಿಸು’ ಅಂದೆ.

‘ಅದೆಂಗಣ್ಣ, ಕಮಿಟಿಯವರು ಒಪ್ಪಲ್ಲ. ಸ್ಟೇಜ್ ಮುಂದೆ ಊರ ಹೆಣ್ಮಗಳು ರಾತ್ರಿಯೆಲ್ಲ ಕೂತ್ಕಂಡ್ರೆ ಚೆಂದ ಇರಲ್ಲ ಅಂತಾರೆ.’

ತಾಲೀಮಿಗೆ ಚೆಂದ, ಸ್ಟೇಜಿಗೆ ಬೇಡ. ನಾನು ಸುಮ್ಮನಾದೆ. ಏಳು ವರ್ಷ ಯುಪಿಐ ಮಾಡಿ ಕೈ ತೊಳ್ಕೊಂಡವನು ಕಮಿಟಿಗೆ ಏನು ಹೇಳೋದು?

ಹೊನ್ನಾಳಿ: ಹೊಳೆ ದಂಡೆಯ ಡೊಳ್ಳು

ಮಾರನೇ ದಿನ ಕಾರಿನ ಮುಂದಿನ ಸೀಟಲ್ಲಿ ದೊಡ್ಡಪ್ಪ, ಹಿಂದೆ ತಂಗಿ, ಅವಳ ಮಡಿಲಲ್ಲಿ ಹ್ಯಾಂಡ್‌ಬಿಲ್ ಕಟ್ಟು. ‘ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಆಗ್ತಿತ್ತಲ್ಲ’ ಅಂದೆ. ‘ಫೋನಲ್ಲಿ ಕರೆದ್ರೆ ಕರೆದಂಗಾಗಲ್ಲ’ ಅಂದರು.

ಹೊನ್ನಾಳಿ ತುಂಗಭದ್ರೆಯ ದಂಡೆ ಮೇಲಿನ ಊರು. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ ಒಂದೇ ಹೊಳೆಯಾಗಿ ಇಲ್ಲಿಗೆ ಬರ್ತಾರೆ. ದೀಪಾವಳಿ ಆದಮೇಲೆ ಬಂದರೆ ಹೋರಿ ಬೆದರಿಸೋ ಹಬ್ಬದ ಗದ್ದಲ. ನಾವು ಹೋದಾಗ ಊರು ಬಿಸಿಲಿಗೆ ತೂಕಡಿಸ್ತಿತ್ತು.

ದೊಡ್ಡಪ್ಪನ ಜೊತೆಗಾರರು ಒಂದು ಕಾಲಕ್ಕೆ ನಾಟಕಕ್ಕೆ ತಬಲಾ ನುಡಿಸ್ತಿದ್ದೋರು, ಈಗ ಬೀರೇಶ್ವರನ ಗುಡಿಯ ಡೊಳ್ಳಿನ ತಂಡದ ಹಿರಿಯರು. ಡೊಳ್ಳು ಎತ್ತಿ ನನ್ನ ಕೊರಳಿಗೆ ಹಾಕಿದರು. ಎರಡು ನಿಮಿಷಕ್ಕೆ ಸೊಂಟ ಹಿಡೀತು. ಇದನ್ನ ಕಟ್ಟಿಕೊಂಡು ಗಂಟೆಗಟ್ಟಲೆ ಕುಣಿಯೋದು, ಮಧ್ಯೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಲ್ಲೋದು! ಜಿಮ್‌ಗೆ ವರ್ಷದ ಫೀಸ್ ಕಟ್ಟಿ ಮೂರು ದಿನ ಹೋದವನಿಗೆ ನಾಚಿಕೆಯಾಯ್ತು.

ತಂಡದ ಹುಡುಗರು ವಾರಪೂರ್ತಿ ಗಾರೆ ಕೆಲಸ, ಗದ್ದೆ ಕೆಲಸಕ್ಕೆ ಹೋಗ್ತಾರೆ. ಮೆರವಣಿಗೆ ಇದ್ದಾಗ ಡೊಳ್ಳು. ‘ಡಿಜೆ ಬಂದಮೇಲೆ ಕರೆಯೋರು ಕಮ್ಮಿ ಆದ್ರಾ?’ ಅಂತ ಕೇಳಿದೆ. ಹಿರಿಯರು ನಕ್ಕರು. ‘ಡಿಜೆಗೆ ಪೊಲೀಸ್ರು ಪರ್ಮಿಷನ್ ಕೊಡದೇ ಹೋದಾಗ ನಾವು ನೆನಪಾಗ್ತೀವಿ.’

ನ್ಯಾಮತಿ: ಕರೆಸಬೇಕಿಲ್ಲದ ಹೆಣ್ಮಕ್ಕಳು

ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ, ಈಗ ತಾನೇ ತಾಲ್ಲೂಕು. ಬೆಳಗುತ್ತಿ ಕಡೆ ಗುಡ್ಡದಲ್ಲಿ ತೀರ್ಥರಾಮೇಶ್ವರ ಇದೆ. ನಾವು ಹೋಗಬೇಕಿದ್ದದ್ದು ಸೂರಗೊಂಡನಕೊಪ್ಪಕ್ಕೆ. ಬಂಜಾರರ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ್ದು ಇಲ್ಲಿ ಅಂತ ನಂಬಿಕೆ. ಫೆಬ್ರವರಿ 15ರ ಜಯಂತಿಗೆ ಮಾಲೆ ಹಾಕಿಕೊಂಡ ಭಕ್ತರು ಕಾಲ್ನಡಿಗೆಯಲ್ಲೇ ಬರ್ತಾರೆ. ಜಾತ್ರೆ ಆಗಷ್ಟೇ ಮುಗಿದಿತ್ತು. ಸೇವಾಲಾಲ್ ಮತ್ತು ಮರಿಯಮ್ಮನ ಗುಡಿ ಮುಂದೆ ಅಂಗಡಿ ಕಿತ್ತ ಗುರುತುಗಳು ಇನ್ನೂ ಇದ್ದವು.

ಹತ್ತಿರದ ತಾಂಡಾದಲ್ಲಿ ದೊಡ್ಡಪ್ಪನ ಸ್ನೇಹಿತರ ಮನೆ. ನಾಟಕದಲ್ಲಿ ಖಳನಾಯಕನ ಪಾರ್ಟಿಗೆ ಹೆಸರಾದವರು, ಈಗ ಕಣ್ಣು ಮಂಜು. ಅವರ ಮನೆಯವರು ಟೀ ಕೊಟ್ಟರು. ಹಾಡಿನ ಮಾತು ಬಂತು. ಅಷ್ಟೇ ಸಾಕಾಯ್ತು. ಪಕ್ಕದ ಮನೆಯಿಂದ ಇಬ್ಬರು, ಎದುರು ಮನೆಯಿಂದ ಮೂವರು ಹೆಂಗಸರು ಬಂದು ಅಂಗಳದಲ್ಲಿ ಸುತ್ತು ನಿಂತರು. ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿದುಕೊಂಡು, ಬಾಗಿ, ಚಪ್ಪಾಳೆ ತಟ್ಟಿ, ಹೆಜ್ಜೆ ಹಾಕಿದರು. ಅರ್ಥ ನನಗೆ ಆಗಲಿಲ್ಲ. ಬಂಜಾರರ ಮಾತಿಗೆ ಸ್ವಂತ ಲಿಪಿ ಇಲ್ಲ, ಈ ಹಾಡುಗಳು ತಾಯಿಯಿಂದ ಮಗಳಿಗೆ ಬಾಯಲ್ಲೇ ಬಂದಿವೆ.

ಕಾರು ಹತ್ತಿದ ಮೇಲೆ ತಂಗಿ ಅಂದಳು: ‘ಇಲ್ಲಿ ಹೆಣ್ಮಕ್ಕಳು ಹಾಡೋಕೆ ಯಾವ ಕಮಿಟಿನೂ ಕೇಳಲಿಲ್ಲ ನೋಡಣ್ಣ.’ ದೊಡ್ಡಪ್ಪ ಕಿಟಕಿ ಕಡೆ ತಿರುಗಿದರು. ಕೇಳಿಸಿತ್ತು.

ದಾವಣಗೆರೆಯಲ್ಲೊಂದು ನಿಲುಗಡೆ

ಜಗಳೂರಿಗೆ ಹೋಗೋ ದಾರೀಲಿ ದಾವಣಗೆರೆ. ಬೆಣ್ಣೆ ದೋಸೆ ತಿನ್ನದೆ ದಾಟಿದರೆ ಪಾಪ ಬರುತ್ತೆ, ಸಂಜೆಯಾಗಿದ್ರೆ ಮಂಡಕ್ಕಿ ಮೆಣಸಿನಕಾಯಿ. ಆದರೆ ನಮಗೆ ಕೆಲಸವೂ ಇತ್ತು. ಪರದೆ, ಡ್ರೆಸ್ಸು ಬಾಡಿಗೆಗೆ ಗೊತ್ತು ಮಾಡೋದು, ನಟಿಯರಿಗೆ ಅಡ್ವಾನ್ಸ್ ಕೊಡೋದು.

ಈ ಊರು ನಾಟಕ ಕಂಪನಿಗಳ ಊರು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಅವರ ಮಗಳು ಚಿಂದೋಡಿ ಲೀಲಾ ಬಣ್ಣ ಹಚ್ಚಿದ್ದಷ್ಟೇ ಅಲ್ಲ, ಕಂಪನಿಯನ್ನೂ ನಡೆಸಿದರು. 1988ರಲ್ಲಿ ಪದ್ಮಶ್ರೀ ಬಂತು, 2010ರಲ್ಲಿ ತೀರಿಕೊಂಡರು. ಅವರ ‘ಹಳ್ಳಿ ಹುಡುಗಿ’ ನಾಟಕ ನೋಡೋಕೆ ಗಾಡಿ ಕಟ್ಟಿಕೊಂಡು ಬಂದಿದ್ದು ದೊಡ್ಡಪ್ಪನಿಗೆ ಇನ್ನೂ ನೆನಪಿದೆ.

ಅಡ್ವಾನ್ಸ್ ತಗೊಂಡ ನಟಿಗೆ ಐವತ್ತರ ಹತ್ತಿರದ ವಯಸ್ಸು. ಸೀಸನ್ನಿನಲ್ಲಿ ದಿನಕ್ಕೊಂದು ಊರು, ದಿನಕ್ಕೊಂದು ನಾಟಕ. ತಾಲೀಮಿಗೆ ಬರಲ್ಲ, ಎಲ್ಲ ಪಾರ್ಟೂ ಬಾಯಿಪಾಠ. ಬೆಳಗಿನ ಜಾವ ಸೆಟ್ ಬಿಚ್ಚಿದ ಮೇಲೆ ಮೊದಲ ಬಸ್ಸಿಗೆ ಕಾಯೋದೇ ಕಷ್ಟ ಅಂದರು. ಅವರ ಕೈಯಲ್ಲಿ ದುಡ್ಡಿಟ್ಟ ಮೇಲೆ ತಂಗಿ ಮೆಲ್ಲಗೆ ಕೇಳಿದಳು, ‘ನಿಮ್ಮ ಕಡೆ ಹೆಣ್ಮಕ್ಕಳು ಪೇಟಿ ನುಡಿಸೋದು ಐತಾ ಅಕ್ಕ?’ ಅವರು ದೊಡ್ಡಪ್ಪನ ಕಡೆ ನೋಡಿದರು. ‘ನಮಗೆ ಸುರ ಸರಿಯಾಗಿ ಸಿಕ್ರೆ ಸಾಕವ್ವ. ಯಾರು ಕೊಟ್ರೇನು?’

ಜಗಳೂರು: ಮಳೆ ಮತ್ತು ಆಟ

ದಾವಣಗೆರೆ ದಾಟಿ ಜಗಳೂರು ಕಡೆ ಹೋಗ್ತಿದ್ದಂಗೆ ಹಸಿರು ಹಿಂದೆ ಉಳೀತು. ಸೂಳೆಕೆರೆ ಇರೋದೂ ಇದೇ ಜಿಲ್ಲೆಯಲ್ಲಿ ಅಂದ್ರೆ ನಂಬೋದು ಕಷ್ಟ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಮಲೆನಾಡಿನ ಸೆರಗು ಒಂದು ಕಡೆ, ಬರದ ನಾಡು ಇನ್ನೊಂದು ಕಡೆ. ಕೊಂಡುಕುರಿ, ಅಂದ್ರೆ ನಾಲ್ಕು ಕೊಂಬಿನ ಪುಟ್ಟ ಜಿಂಕೆ, ಅದಕ್ಕಾಗಿಯೇ ಮಾಡಿದ ರಂಗಯ್ಯನದುರ್ಗ ವನ್ಯಧಾಮ ಇರೋದು ಈ ತಾಲ್ಲೂಕಲ್ಲೇ. ಪ್ರತಿ ವರ್ಷ ಬೇರೆ ಬೇರೆ ಊರಲ್ಲಿ ಲಕ್ಷಾಂತರ ಜನ ಸೇರೋ ತರಳಬಾಳು ಹುಣ್ಣಿಮೆ 1950ರಲ್ಲಿ ಶುರುವಾಗಿದ್ದೂ ಜಗಳೂರಲ್ಲಿ.

ಇಲ್ಲಿ ಸಿಕ್ಕಿದ್ದು ಮೂಡಲಪಾಯದ ಭಾಗವತರೊಬ್ಬರು. ಕರಾವಳಿಯ ಯಕ್ಷಗಾನ ಗೊತ್ತಿರೋರಿಗೆ ಮೂಡಲಪಾಯ ಅದರ ಬಯಲುಸೀಮೆಯ ಅಣ್ಣ. ಮರದ ಭುಜಕೀರ್ತಿ, ಎದೆಹಾರ, ಚಿಕ್ಕ ಮಕ್ಕಳು ಅತ್ತಂತೆ ಕೇಳೋ ಮುಖವೀಣೆ. ಅವರ ಅಟ್ಟದ ಮೇಲೆ ಭುಜಕೀರ್ತಿಗಳು ಗೋಣಿಚೀಲದಲ್ಲಿದ್ದವು. ‘ಕೊನೇ ಆಟ ಯಾವಾಗ ಆಡಿದ್ರಿ?’

‘ಮಳೆ ಹೋದ ವರ್ಷ ಮಳೆ ಬರಲಿ ಅಂತ ಆಡ್ತಿದ್ವಿ. ಬೆಳೆ ಬಂದ ವರ್ಷ ಬೆಳೆ ಬಂತು ಅಂತ ಆಡ್ತಿದ್ವಿ. ಈಗ ಮಳೆ ಬಂದ್ರೂ ಹುಡುಗ್ರು ಇಲ್ಲ. ಎಲ್ಲ ನಿಮ್ಮೂರಿಗೆ ಬಂದಾರೆ.’ ನಿಮ್ಮೂರು ಅಂದ್ರೆ ಬೆಂಗಳೂರು. ಬೈಗುಳ ಅಲ್ಲ, ಲೆಕ್ಕ ಹೇಳಿದ್ದು.

ವಾಪಸ್ ಬರ್ತಾ ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಗುರುಗಳ ಸುದ್ದಿ ತೆಗೆದರು. ಅವರಿಗೆ ಕಣ್ಣು ಕಾಣ್ತಿರಲಿಲ್ಲ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಜಾಗ. ಆಶ್ರಮ ನಡೆಸೋಕೆ ನಾಟಕ ಕಂಪನಿಯನ್ನೇ ಕಟ್ಟಿದ್ದರು. ‘ಕಣ್ಣಿಲ್ಲದೋರಿಗೆ ಪೇಟಿ ಬರಲ್ಲ ಅಂತ ಆವತ್ತು ಜನ ಅಂದಿರ್ತಾರೆ. ಅವರು ಕಲಿಸದೇ ಬಿಟ್ಟಿದ್ರೆ ನನಗೆಲ್ಲಿ ಬರ್ತಿತ್ತು?’ ಹಿಂದಿನ ಸೀಟಿನಿಂದ ಉತ್ತರ ಬರಲಿಲ್ಲ.

ನಾಟಕದ ರಾತ್ರಿ

ಬೆಂಗಳೂರಿಗೆ ಬಂದು ಟೀಮ್ ಕಾಲ್‌ನಲ್ಲಿ ಇನ್ನೊಂದು ರಜಾ ಕೇಳಿದೆ, ನಮ್ಮೂರ ನಾಟಕ ಅಂತ. ನೈರೋಬಿಯ ಸಹೋದ್ಯೋಗಿ ಒಬ್ಬ ಇದ್ದಾನೆ. ಅವನು ಕಮಿರೀಥು ಅನ್ನೋ ಹಳ್ಳಿಯ ಕಥೆ ಹೇಳಿದ. ನೈರೋಬಿ ಹತ್ತಿರದ ಲಿಮುರುವಿನಲ್ಲಿ 1977ರಲ್ಲಿ ಟೀ ತೋಟದ ಕೂಲಿಗಳು, ಫ್ಯಾಕ್ಟರಿ ಕೆಲಸಗಾರರು, ರೈತ ಹೆಂಗಸರು ತಾವೇ ಬಯಲು ರಂಗಮಂದಿರ ಕಟ್ಟಿ, ತಮ್ಮ ಗಿಕುಯು ಭಾಷೆಯಲ್ಲಿ ನಾಟಕ ಆಡಿದರು. ಬರೆದವರು ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರಿ. ಕೆಲವೇ ವಾರಗಳಲ್ಲಿ ಸರ್ಕಾರ ನಿಲ್ಲಿಸಿತು, ಥಿಯಾಂಗೊ ಜೈಲಿಗೆ ಹೋದರು. 1982ರಲ್ಲಿ ರಂಗಮಂದಿರವನ್ನೇ ಕೆಡವಿದರು. ಅಲ್ಲಿ ಕೆಡವೋಕೆ ಪೊಲೀಸರು ಬೇಕಾಯ್ತು. ಇಲ್ಲಿ ನಮ್ಮಂಥೋರು ಬರದೇ ಇದ್ದರೆ ಸಾಕು.

ಹತ್ತೂವರೆಗೆ ಪರದೆ ಏಳಬೇಕಿತ್ತು, ಎದ್ದಿದ್ದು ಹನ್ನೊಂದೂವರೆಗೆ. ನನಗೂ ಎರಡು ಸೀನಿನ ಸಣ್ಣ ಪಾರ್ಟು ಕೊಟ್ಟಿದ್ದರು. ಮೊದಲ ಸೀನಲ್ಲೇ ಮಾತು ಮರೆತೆ. ಪರದೆ ಹಿಂದಿನಿಂದ ಮಾತು ಎತ್ತಿಕೊಟ್ಟಿದ್ದು ಮೂರನೇ ಸಾಲಿನಲ್ಲಿ ಕಂಬಳಿ ಹೊದ್ದ ಅಜ್ಜಿಗೂ ಕೇಳಿಸ್ತು. ಜನ ನಕ್ಕರು, ಮರುಕ್ಷಣ ಕ್ಷಮಿಸಿದರು. ನಾಟಕದ ಮಧ್ಯೆ ಮಧ್ಯೆ ಮುಯ್ಯಿ: ಮೈಕಿನಲ್ಲಿ ಹೆಸರು ಕೂಗೋದು, ನಾಯಕ ಅಳು ನಿಲ್ಲಿಸಿ ನೂರಾ ಒಂದು ರೂಪಾಯಿ ತಗೊಂಡು ಮತ್ತೆ ಅಳು ಮುಂದುವರಿಸೋದು.

ದೊಡ್ಡಪ್ಪ ಎರಡು ಗಂಟೆವರೆಗೆ ನುಡಿಸಿದರು. ಆಮೇಲೆ ಒಂದು ಹಾಡಿನಲ್ಲಿ ಬೆರಳು ತಪ್ಪಿತು. ಇನ್ನೊಂದರಲ್ಲೂ ತಪ್ಪಿತು. ದಾವಣಗೆರೆಯ ನಟಿ ಹಾಡು ನಿಲ್ಲಿಸದೆ ಸುರ ತಾವೇ ಹಿಡಿದುಕೊಂಡು ದಡ ಸೇರಿಸಿದರು. ಸೀನ್ ಮುಗೀತಿದ್ದಂಗೆ ದೊಡ್ಡಪ್ಪ ಎದ್ದು, ಹೆಂಗಸರ ಸಾಲಿನ ಹತ್ತಿರ ಹೋಗಿ ಮಗಳಿಗೆ ಕೈ ಮಾಡಿದರು. ಕಮಿಟಿಯವರನ್ನ ಕೇಳಲಿಲ್ಲ. ಅವಳು ಸೆರಗು ಸಿಕ್ಕಿಸಿ ಬಂದು ಕೂತಳು. ಬೆಳಗಿನ ಐದೂಕಾಲಿಗೆ ಮಂಗಳ ಹಾಡೋವರೆಗೂ ಅವಳೇ ನುಡಿಸಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ. ಬೆಳಗ್ಗೆ ಟೀ ಅಂಗಡಿಯಲ್ಲಿ ಕಮಿಟಿಯ ಹಿರಿಯರೊಬ್ಬರು ದೊಡ್ಡಪ್ಪನಿಗೆ ಅಂದಿದ್ದು ಇಷ್ಟೇ: ‘ಮೇಷ್ಟ್ರೇ, ಹೇಳಿ ಮಾಡಬೇಕಿತ್ತು.’ ದೊಡ್ಡಪ್ಪ ಅಂದರು: ‘ಹೇಳಿದ್ರೆ ಆಗ್ತಿರಲಿಲ್ಲ.’

ನೀವೂ ಹೋಗೋದಾದ್ರೆ ಸಂಕ್ರಾಂತಿಯಿಂದ ಬಸವ ಜಯಂತಿವರೆಗೆ ಒಳ್ಳೇ ಸೀಸನ್. ಬಸ್‌ಸ್ಟ್ಯಾಂಡಿನ ಗೋಡೆ, ಟೀ ಅಂಗಡಿ ಕಂಬದ ಮೇಲೆ ಗುಲಾಬಿ, ಹಳದಿ ಹ್ಯಾಂಡ್‌ಬಿಲ್ ಇರ್ತವೆ, ಓದಿ. ಬಹಳ ಕಡೆ ಟಿಕೆಟ್ ಇರಲ್ಲ. ಒಂದು ಕಂಬಳಿ ಇಟ್ಕೊಳ್ಳಿ, ನೂರರ ಒಂದೆರಡು ನೋಟೂ ಇರಲಿ, ಮುಯ್ಯಿಗೆ. ನವೆಂಬರ್‌ನಲ್ಲಿ ಬಿಡುವಿದ್ದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ನಾಟಕೋತ್ಸವ ನೋಡಿ. ಅಲ್ಲಿನ ಶಿವಸಂಚಾರ ತಂಡ 1997ರಿಂದ ನಾಡು ಸುತ್ತಿ ನಾಟಕ ಆಡ್ತಿದೆ.

ಈ ವರ್ಷದ ಹ್ಯಾಂಡ್‌ಬಿಲ್ ನನ್ನ ಟೇಬಲ್ ಮೇಲಿದೆ. ನನ್ನ ಹೆಸರು ‘ಸಹಾಯ ನೀಡಿದವರು’ ಪಟ್ಟಿಯಿಂದ ‘ಪಾತ್ರವರ್ಗ’ಕ್ಕೆ ಬಂದಿದೆ. ಹಾರ್ಮೋನಿಯಂ ಅನ್ನೋ ಸಾಲಿನಲ್ಲಿ ದೊಡ್ಡಪ್ಪನ ಹೆಸರೇ ಇದೆ, ಅದು ಮೊದಲೇ ಅಚ್ಚಾಗಿತ್ತು. ಮುಂದಿನ ವರ್ಷ ಆ ಸಾಲಿನಲ್ಲಿ ಯಾರ ಹೆಸರು ಹಾಕೋದು ಅಂತ ಕಮಿಟಿ ಇನ್ನೂ ತೀರ್ಮಾನ ಮಾಡಿಲ್ಲ. ಆ ಮೀಟಿಂಗ್ ಯಾವಾಗ ಅಂತ ಕೇಳಿದ್ದೀನಿ. ಈ ಸಲ ದುಡ್ಡು ಕಳಿಸಲ್ಲ, ನಾನೇ ಹೋಗ್ತೀನಿ.