ತಾಂಡೇಲನ ಬಕ್ಷೀಸು

2024ರ ಸೆಪ್ಟೆಂಬರಿನಲ್ಲಿ ನಾವು ಆರು ಮಂದಿ ಗೆಳೆಯರು ಕ್ರೊಯೇಷಿಯದ ಸ್ಪ್ಲಿತ್ ಬಂದರಿನಲ್ಲಿ ಹಾಯಿದೋಣಿಯೊಂದನ್ನು ವಾರದ ಬಾಡಿಗೆಗೆ ಹಿಡಿದೆವು. ನಮ್ಮಲ್ಲಿ ಯಾರಿಗೂ ದೋಣಿ ನಡೆಸುವ ಪರವಾನಗಿ ಇರಲಿಲ್ಲವಾಗಿ ಅಲ್ಲಿಯವನೇ ಒಬ್ಬ ತಾಂಡೇಲನನ್ನು ಗೊತ್ತುಮಾಡಿಕೊಂಡೆವು. ಅವನ ದಿನಗೂಲಿ ದೋಣಿಯ ಬಾಡಿಗೆಗೆ ಹೊರತು. ಊಟವೂ ಮಲಗುವ ಕೋಣೆಯೂ ನಮ್ಮ ಹೊಣೆ. ಇಷ್ಟು ಕರಾರಿನ ಮಾತು. ಕಡೆಯ ದಿನದ ಬಕ್ಷೀಸಿಗೆ ಮಾತ್ರ ಕರಾರಿಲ್ಲ. ಮೆಚ್ಚಿದವರು ಕೂಲಿಯ ನೂರಕ್ಕೆ 10ರಷ್ಟು ಕೊಡುವುದುಂಟು.

ನಾಲ್ಕನೆಯ ದಿನ ಹ್ವಾರ್ ದ್ವೀಪದ ಸ್ತಾರಿ ಗ್ರಾದಿನಲ್ಲಿ ಅವನು ಹಗ್ಗ ಬಿಚ್ಚಲೊಲ್ಲೆನೆಂದನು. ಆಕಾಶ ತಿಳಿಯಾಗಿತ್ತು. 'ಬೂರಾ ಬರುತ್ತದೆ' ಎಂದಷ್ಟೇ ನುಡಿದು ಕಾಫಿ ಕಾಸತೊಡಗಿದನು. ಕೂಲಿ ತಿಂದು ಕುಳಿತನೆಂದು ನಾವು ಗೊಣಗಿದೆವು; ಬಕ್ಷೀಸಿನಲ್ಲಿ ಆ ದಿನವನ್ನು ಮುರಿದುಕೊಳ್ಳೋಣವೆಂದು ಲೆಕ್ಕವನ್ನೂ ಹಾಕಿದೆವು. ಮಧ್ಯಾಹ್ನಕ್ಕೆ ಆ ಈಶಾನ್ಯದ ಗಾಳಿ ಬೆಟ್ಟಗಳಿಂದ ಇಳಿದು ಬಂದಿತು. ಕೊಲ್ಲಿಯಾಚೆ ಕಡಲು ಬೆಳ್ಳಗೆ ಕುದಿಯಿತು. ಕಟ್ಟಿದ ದೋಣಿಯೂ ಹಗ್ಗ ಜಗ್ಗಿ ನರಳಿತು. ನಮ್ಮಲ್ಲಿ ಯಾರೂ ಮಾತನಾಡಲಿಲ್ಲ.

ನಮ್ಮ ಗೋವೆಯ ತೀರದಲ್ಲಿ ಮೀನುದೋಣಿಯ ತಾಂಡೇಲನಿಗೆ ಹಿಡಿದ ಮೀನಿನಲ್ಲಿ ಪಾಲುಂಟು; ಹೊರಡದ ದಿನ ಅವನಿಗೂ ನಷ್ಟವೇ. ಇವನಿಗೆ ದಿನಗೂಲಿ ನಿಶ್ಚಿತ. ನಿಂತರೂ ಬರುವುದು, ಹೊರಟರೂ ಬರುವುದು. ಆದುದರಿಂದ 'ಬೇಡ' ಎನ್ನುವ ಸ್ವಾತಂತ್ರ್ಯ ಅವನಿಗಿತ್ತು. ಬಕ್ಷೀಸಾದರೋ ನಮ್ಮನ್ನು ಮೆಚ್ಚಿಸಿದರೆ ಮಾತ್ರ. ಅದು ಕೈತಪ್ಪಬಹುದೆಂದು ತಿಳಿದೂ ಅವನು ಬೇಡವೆಂದಿದ್ದನು.

ಶನಿವಾರ ಸ್ಪ್ಲಿತ್ತಿನಲ್ಲಿ ಯೂರೋ ನೋಟುಗಳನ್ನು ಲಕ್ಕೋಟೆಯಲ್ಲಿಟ್ಟು ಎಲ್ಲರೂ ಕೂಡಿ ಅವನ ಕೈಗಿತ್ತೆವು. ಮುರಿದುಕೊಳ್ಳಬೇಕೆಂದಿದ್ದ ದಿನಕ್ಕೆ ಇಮ್ಮಡಿ ಸೇರಿತ್ತು. ಅವನು ಎಣಿಸಲಿಲ್ಲ; ಕಾರಣವನ್ನು ನಾವೂ ಹೇಳಲಿಲ್ಲ.