ಒಂದು ಖಾನೆಯ ಮುಂದೆ

ನಸುಕಿನಲ್ಲೆದ್ದು 1600 ಮೀಟರ್ ಓಟ ಅಭ್ಯಾಸ ಮಾಡುತ್ತಿದ್ದ ಮಾಜಿವಾಡಾದ ನಮ್ಮ ಕಟ್ಟಡದ ಹುಡುಗ, ಪೊಲೀಸ್ ಭರ್ತಿಯಲ್ಲಿ ಆಯ್ಕೆಯಾಗಿ ಚಾರಿತ್ರ್ಯ ಪರಿಶೀಲನೆಯ ನಮೂನೆ ಹಿಡಿದು ಬಂದ.

“ಕಾಕಾ, ಕಾಲೇಜಿನ ಜಗಳದ ಕೇಸು ಖುಲಾಸೆಯಾಗಿದೆಯಲ್ಲ, ಅದನ್ನೂ ಬರೆಯಬೇಕೆ?”

ಅಮೆರಿಕದ ಅನೇಕ ಪೊಲೀಸ್ ಇಲಾಖೆಗಳು ಉಮೇದುವಾರರನ್ನು ಸುಳ್ಳುಪತ್ತೆ ಯಂತ್ರದ ಮುಂದೆ ಕೂರಿಸುತ್ತವೆ. ಯಂತ್ರ ಅಳೆಯುವುದು ಉಸಿರು, ರಕ್ತದೊತ್ತಡ, ಬೆವರುಗಳನ್ನು. ಎಂದರೆ ಅಳುಕನ್ನು, ಸುಳ್ಳನ್ನಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ, 2010ರಲ್ಲಿ, ಸುಪ್ರೀಂ ಕೋರ್ಟು ಆರೋಪಿಯನ್ನೂ ಒಪ್ಪಿಗೆಯಿಲ್ಲದೆ ಆ ಪರೀಕ್ಷೆಗೊಳಪಡಿಸಬಾರದೆಂದಿತು. ನಮ್ಮ ಹುಡುಗನ ಮುಂದಿದ್ದುದು ಯಂತ್ರವಲ್ಲ, ಬರೀ ಒಂದು ಖಾನೆ.

2016ರ ಅವತಾರ್ ಸಿಂಗ್ ತೀರ್ಪನ್ನು ಅವನಿಗೆ ವಿವರಿಸಿದೆ: ಮುಚ್ಚಿಟ್ಟರೆ ಅದೇ ನೌಕರಿಗೆ ಕುತ್ತಾಗಬಹುದು, ನಿಜ ಬರೆದರೂ ನಿರ್ಧಾರ ಇಲಾಖೆಯದೇ. ಕೆಲಸ ಸಿಕ್ಕೇ ಸಿಗುತ್ತದೆಂಬ ಭರವಸೆಯನ್ನು ನಾನು ಕೊಡಲಾರದೆ ಹೋದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತ್ತು.

“ನಾಳೆ ಠಾಣೆಯಲ್ಲಿ ಕೂತು ಬೇರೆಯವರಿಂದ ನಿಜ ಕೇಳುವವನು ನೀನೇ ಅಲ್ಲವೇನಪ್ಪಾ?” ಎಂದಷ್ಟೇ ಕೇಳಿದೆ.

ಬಹಳ ಹೊತ್ತಿನ ಮೇಲೆ ಅವನು ಮರಾಠಿಯಲ್ಲಿ ‘ಹೋಯ್’ ಎಂದು ಬರೆದ. ಕೈ ನಡುಗುತ್ತಿತ್ತು, ಹಣೆ ಬೆವತಿತ್ತು. ಯಂತ್ರವಿದ್ದಿದ್ದರೆ ಆ ನಿಜವನ್ನೇ ಸುಳ್ಳೆಂದು ಬರೆದುಕೊಳ್ಳುತ್ತಿತ್ತೇನೋ.