ಸೀಸದ ಕಡ್ಡಿಯೊಳಗಿನ ಹಾಳೆ

ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ ಸುತ್ತ ಹರಡಿರುವ ಪುರಾತನ ಶಿಲೆಗಳು 300 ಕೋಟಿ ವರ್ಷಗಳಿಗೂ ಹಳೆಯವು. ಭೂವಿಜ್ಞಾನಿಗಳು ಈ ಶಿಲಾಸಮೂಹಕ್ಕೆ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಇವುಗಳಲ್ಲಿ ಕೆಲವೆಡೆ ಗ್ರಾಫೈಟ್ ಬೆರೆತಿದೆ. ವಿದ್ಯಾರ್ಥಿಯ ಪೆನ್ಸಿಲ್ಲಿನೊಳಗೆ ಇರುವುದೂ ಅದೇ ಕಪ್ಪು ಖನಿಜ. ‘ಸೀಸದ ಕಡ್ಡಿ’ ಎಂಬುದು ರೂಢಿಯ ಮಾತಷ್ಟೆ. ಅದರಲ್ಲಿ ಸೀಸದ ಸುಳಿವೂ ಇಲ್ಲ.

ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಜೇನುಹಟ್ಟಿಯ ಕಣ್ಣುಗಳಂತೆ ಆರು ಮೂಲೆಯ ಜಾಲವಾಗಿ ಹೆಣೆದುಕೊಂಡು, ಹಾಳೆಯ ಮೇಲೆ ಹಾಳೆಯಾಗಿ ಕುಳಿತಿರುತ್ತವೆ. ಒಂದು ಮಿಲಿಮೀಟರ್ ದಪ್ಪದಲ್ಲಿ ಅಂತಹ ಸುಮಾರು 30 ಲಕ್ಷ ಹಾಳೆಗಳು! ಅವುಗಳ ನಡುವಣ ಹಿಡಿತ ಸಡಿಲವಾದುದರಿಂದಲೇ ಪೆನ್ಸಿಲ್ಲು ಕಾಗದದ ಮೇಲೆ ಗೆರೆ ಬಿಡುತ್ತದೆ. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬ ವಿಜ್ಞಾನಿಗಳು ಅಂಟುಪಟ್ಟಿಯಿಂದ ಮತ್ತೆ ಮತ್ತೆ ಸುಲಿದು ಒಂಟಿ ಹಾಳೆಯೊಂದನ್ನು ಬಿಡಿಸಿದರು. ಅದೇ ಗ್ರಾಫೀನ್. ಉಪಾಯವು ಮಕ್ಕಳಾಟದಂತೆ ತೋರೀತು. ಆದರೂ ಆ ಹಾಳೆಯ ಮೇಲಿನ ಪ್ರಯೋಗಗಳಿಗೆ 2010ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಈ ಒಂಟಿ ಹಾಳೆಯಲ್ಲಿ ಎಲೆಕ್ಟ್ರಾನುಗಳ ನಡತೆಯೇ ಬೇರೆ. ಅವು ದ್ರವ್ಯರಾಶಿಯೇ ಇಲ್ಲದ ಕಣಗಳಂತೆ ಚಲಿಸುತ್ತವೆ. ವಿದ್ಯುತ್ತನ್ನು ಚೆನ್ನಾಗಿ ಒಯ್ಯುವ ಲೋಹವು ಶಾಖವನ್ನೂ ಅದಕ್ಕೆ ತಕ್ಕ ಪ್ರಮಾಣದಲ್ಲಿ ಒಯ್ಯುತ್ತದೆ ಎಂಬುದು 1853ರಿಂದ ಬಂದ ನಿಯಮ. 2025ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಜಪಾನಿನ ವಿಜ್ಞಾನಿಗಳೊಡಗೂಡಿ ಈ ನಿಯಮವನ್ನು ಒರೆಗೆ ಹಚ್ಚಿದರು. ಅತಿ ಶುದ್ಧವಾದ ಗ್ರಾಫೀನನ್ನು ಬಹುವಾಗಿ ತಣಿಸಿ, ಎಲೆಕ್ಟ್ರಾನುಗಳ ಸಂಖ್ಯೆಯನ್ನು ಹದವಾಗಿ ಹೊಂದಿಸಿದಾಗ, ಒಂದು ಏರಿದಂತೆ ಇನ್ನೊಂದು ಇಳಿಯಿತು. ನಿಯಮವು 200 ಪಟ್ಟಿಗೂ ಮಿಗಿಲಾಗಿ ತಪ್ಪಿತು. ಎಲೆಕ್ಟ್ರಾನುಗಳು ಅಲ್ಲಿ ಬಿಡಿಬಿಡಿಯಾಗಿ ಓಡಲಿಲ್ಲ, ನೀರಿನಂತೆ ಒಟ್ಟಾಗಿ ಹರಿದವು.